ಬರದ ಪಟ, ಹಳಿಯ ಮೇಲಿನ ರೊಟ್ಟಿ

1899-1900ರ ಬರಗಾಲದಲ್ಲಿ ಔರಂಗಾಬಾದಿನಲ್ಲಿ ತೆಗೆದ ಒಂದು ಛಾಯಾಚಿತ್ರ ಇಂದಿಗೂ ಉಳಿದಿದೆ. ಎಲುಬುಗಳನ್ನು ಎಣಿಸಬಹುದಾದ ದೇಹಗಳು ಕ್ಯಾಮೆರಾಕ್ಕೆ ಎದುರಾಗಿವೆ. ಅದಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ಶೀರ್ಷಿಕೆಯ ಅರ್ಥ ‘ಕೃಶತೆಯ ಮಾದರಿಗಳು’ ಎಂದು. ಊರಿನ ಹೆಸರಿದೆ, ತೆಗೆದವರ ಹೆಸರಿದೆ, ಚಿತ್ರದಲ್ಲಿರುವವರ ಹೆಸರಿಲ್ಲ. ಈಗ ಛತ್ರಪತಿ ಸಂಭಾಜಿನಗರವೆನಿಸಿರುವ ಆ ನಗರದಿಂದ ಸುದ್ದಿಚಿತ್ರದ ಚರಿತ್ರೆಯನ್ನು ನೋಡಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ ಇದು: ಆ ಚಿತ್ರ ಯಾರಿಗಾಗಿ?

ತೆಗೆದದ್ದು ರಾಜಾ ದೀನ್ ದಯಾಳರ ಸಂಸ್ಥೆ. ಮೀರತ್ ಬಳಿಯ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಗಿದ್ದವರು. ಬಿಡುವಿನಲ್ಲಿ ಹಿಡಿದ ಕ್ಯಾಮೆರಾ ಅವರನ್ನು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನಕ್ಕೆ ತಲುಪಿಸಿತು. ಅರಮನೆ, ಬೇಟೆ, ವೈಸರಾಯರ ಭೇಟಿಗಳನ್ನು ಚಿತ್ರಿಸಿದ ಸಂಸ್ಥೆಯೇ ಬರವನ್ನೂ ಚಿತ್ರಿಸಿತು. ಸಂಸ್ಥಾನ ಕೈಗೊಂಡ ಪರಿಹಾರ ಕಾರ್ಯಕ್ಕೆ ಸಾಕ್ಷ್ಯ ಬೇಕಿತ್ತು. ಹಸಿದವರು ಆ ಸಾಕ್ಷ್ಯದ ಭಾಗವಾದರು. ಮುಕ್ಕಾಲಿಯ ಮೇಲೆ ನಿಲ್ಲಿಸುವ ದೊಡ್ಡ ಕ್ಯಾಮೆರಾದ ಕಾಲದಲ್ಲಿ ‘ಅಲುಗಾಡದಿರು’ ಎನ್ನುವ ಅಧಿಕಾರ ಛಾಯಾಗ್ರಾಹಕನದು. ಇಲ್ಲ ಎನ್ನುವ ಅಧಿಕಾರ ಹಸಿದವನಿಗಿರಲಿಲ್ಲ.

ಇದು ನಮಗೆ ದೂರದ ಕಥೆಯಲ್ಲ. ಕಲಬುರಗಿ, ಬೀದರ, ರಾಯಚೂರು ಅಂದು ಔರಂಗಾಬಾದಿನೊಡನೆ ಒಂದೇ ಸಂಸ್ಥಾನದಲ್ಲಿದ್ದವು. 1956ರಲ್ಲಿ ಗಡಿಗಳು ಬೇರೆಯಾದವು. ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ‘ಧಾತು ಬರ’ವೆಂದು ಉಳಿದ 1876-78ರ ಕ್ಷಾಮವನ್ನೂ ಕ್ಯಾಮೆರಾ ಕಂಡಿತ್ತು. ಮದರಾಸು ಪ್ರಾಂತ್ಯದಲ್ಲಿ ಸೇನಾಧಿಕಾರಿ ವಿಲೋಬಿ ಹೂಪರ್ ಹಸಿದವರನ್ನು ಗುಂಪುಗೂಡಿಸಿ ಚಿತ್ರ ತೆಗೆದ. ಅನ್ನ ಕೊಡದೆ ಪಟ ತೆಗೆದನೆಂಬ ಟೀಕೆ ಅವನ ಹೆಸರಿಗೆ ಅಂಟಿಕೊಂಡಿತು. ಸುದ್ದಿಚಿತ್ರಕಾರನನ್ನು ಇಂದಿಗೂ ಕಾಡುವ ಧರ್ಮಸಂಕಟ ಅಷ್ಟು ಹಳೆಯದು.

ಸ್ವಾತಂತ್ರ್ಯಾನಂತರ ಪತ್ರಿಕೆಗಳು ಬೆಳೆದವು, ಕ್ಯಾಮೆರಾ ಅಂಗೈಗೆ ಇಳಿಯಿತು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಆ ಬದಲಾವಣೆಯ ಕನ್ನಡದ ಮುಖ. ನೌಕರಿಯ ಭದ್ರತೆಯನ್ನು ಬಿಟ್ಟು, ಚಿತ್ರ ಮಾರಿಯೇ ಸಂಸಾರ ನಡೆಸುವ ಸಾಹಸ ಮಾಡಿದವರು ಅವರು. ಸಿಡುಬು ನಿರ್ಮೂಲನದ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿಹಳ್ಳಿ ತಿರುಗಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಬಡ ಮಕ್ಕಳು ‘ಮಾದರಿ’ಗಳಲ್ಲ, ನಗುತ್ತಾರೆ, ಆಡುತ್ತಾರೆ, ತಮ್ಮ ಪಾಡಿಗೆ ತಾವಿರುತ್ತಾರೆ. ನೋಡುವ ಕಣ್ಣು ಒಂದಿಷ್ಟು ಬಾಗಿತ್ತು.

ಈಚಿನ ಎರಡು ಘಟನೆಗಳು ನಮ್ಮನ್ನು ಮತ್ತೆ ಗೋದಾವರಿಯ ಸೀಮೆಗೆ ಕರೆತರುತ್ತವೆ. 2018ರ ಮಾರ್ಚ್ 6ರಂದು ನಾಸಿಕದಿಂದ ರೈತರು ಮುಂಬಯಿಗೆ ಹೊರಟರು. ಬಹಳ ಮಂದಿ ಆದಿವಾಸಿಗಳು. ಉಳುತ್ತಿದ್ದ ಅರಣ್ಯಭೂಮಿಯ ಹಕ್ಕು ಅವರ ಮುಖ್ಯ ಬೇಡಿಕೆ. ಸುಮಾರು 180 ಕಿಲೋಮೀಟರ್ ನಡೆದರು. ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಅಡ್ಡಿಯಾಗಬಾರದೆಂದು ಕೊನೆಯ ಹಾದಿಯನ್ನು ರಾತ್ರಿಯಲ್ಲೇ ಸವೆಸಿ, 12ರ ಬೆಳಗಿನ ಹೊತ್ತಿಗೆ ಆಜಾದ್ ಮೈದಾನ ಸೇರಿದರು. ದೇಶದ ಮನಸ್ಸನ್ನು ಕಲಕಿದ್ದು ಭಾಷಣಗಳಿಗಿಂತ ಹೆಚ್ಚಾಗಿ ಬೊಬ್ಬೆಯೆದ್ದು ಒಡೆದ ಪಾದಗಳ ಚಿತ್ರಗಳು. 1900ರ ಹಸಿದವರು ನಿಲ್ಲಿಸಿದಲ್ಲಿ ನಿಂತಿದ್ದರು. ಇವರು ತಾವೇ ನಡೆದು ಬಂದಿದ್ದರು, ಕ್ಯಾಮೆರಾ ಅವರ ಹಿಂದೆ ಓಡಬೇಕಾಯಿತು. ಅದೇ ದಿನ ಸರ್ಕಾರ ಲಿಖಿತ ಭರವಸೆ ನೀಡಿತು.

ಎರಡು ವರ್ಷಗಳ ಬಳಿಕ, 2020ರ ಮೇ 8ರ ನಸುಕಿನಲ್ಲಿ, ಔರಂಗಾಬಾದ್ ಜಿಲ್ಲೆಯ ಕರ್ಮಾಡ ಬಳಿ ರೈಲು ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರು ಸರಕು ರೈಲಿಗೆ ಸಿಕ್ಕಿ ಸತ್ತರು. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಜಾಲನಾದಿಂದ ನಡೆದು ಹೊರಟಿದ್ದ ಮಧ್ಯಪ್ರದೇಶದವರು ಅವರು. ಹಳಿಗಳ ನಡುವೆ ಚೆಲ್ಲಿದ ರೊಟ್ಟಿಗಳ ಚಿತ್ರವನ್ನು ದೇಶವೆಲ್ಲ ನೋಡಿತು. ಶವ ತೋರಿಸದೆಯೂ ಅದು ಹಸಿವನ್ನೂ ಸಾವನ್ನೂ ಹೇಳಿತು. 120 ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ದೇಹವನ್ನೇ ಪ್ರದರ್ಶನಕ್ಕಿಟ್ಟ ಕ್ಯಾಮೆರಾ ಈಗ ದೇಹಕ್ಕೆ ಮರೆ ಕೊಡಲು ಕಲಿತಿತ್ತು.

ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಆ ಚಿತ್ರ ಬೇರೆಯವರದೆನಿಸಲಿಲ್ಲ. ಅದೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ, ಮಂಡ್ಯದ ಕೂಲಿಕಾರರೂ ಮಹಾರಾಷ್ಟ್ರದಿಂದ ಊರಿಗೆ ಮರಳುತ್ತಿದ್ದರು.

ಇಂದು ಘಟನೆಯ ಮೊದಲ ಚಿತ್ರ ಬರುವುದು ದಾರಿಹೋಕನ ಮೊಬೈಲಿನಿಂದ. ಹಾಗಾದರೆ ಸುದ್ದಿಚಿತ್ರಕಾರನ ಕೆಲಸವೇನು? ವೇಗದಲ್ಲಿ ಅವನು ಸೋತಿದ್ದಾನೆ, ಉಳಿದಿರುವುದು ನಂಬಿಕೆ. ಯಾವ ಊರು, ಯಾವ ದಿನ, ಯಾರು, ಅವರ ಒಪ್ಪಿಗೆ ಇತ್ತೇ ಎಂದು ವಿಚಾರಿಸಿ ಬರೆದುಕೊಳ್ಳುವುದು ಅವನ ಹೊಣೆ. ಕೃತಕ ಬುದ್ಧಿಮತ್ತೆ ಇಲ್ಲದ ದೃಶ್ಯವನ್ನೂ ಸೃಷ್ಟಿಸಬಲ್ಲ ಕಾಲದಲ್ಲಿ ‘ನಾನು ಅಲ್ಲಿದ್ದೆ’ ಎಂಬ ಮಾತಿಗೆ ಬೆಲೆ ಹೆಚ್ಚಿದೆ. ಆದರೆ ಆ ಮಾತನ್ನು ಹೇಳಬೇಕಾದ ಜಿಲ್ಲಾ ಮಟ್ಟದ ಛಾಯಾಗ್ರಾಹಕನಿಗೆ ಎಷ್ಟೋ ಕಡೆ ಖಾಯಂ ಸಂಬಳವಿಲ್ಲ, ವಿಮೆಯಿಲ್ಲ. ಚಿತ್ರದ ಕೆಳಗೆ ಅವನ ಹೆಸರೂ ಇರುವುದಿಲ್ಲ. ಬರದ ಪಟದಲ್ಲಿ ಹಸಿದವರು ಅನಾಮಿಕರಾಗಿದ್ದರು. ಈಗ ತೆಗೆದವನೂ ಅವರ ಸಾಲಿಗೆ ಸೇರುತ್ತಿದ್ದಾನೆ. ಎರಡೂ ಹೆಸರುಗಳನ್ನು ಕೇಳುವ ಓದುಗರು ನಾವಾಗಬೇಕು.