ಅಮೆರಿಕದ ತಜ್ಞವೈದ್ಯರ ಬೋರ್ಡ್ ಸರ್ಟಿಫಿಕೇಟ್: ನವೀಕರಣ ವಿವಾದದ ಇತಿಹಾಸ

ಅಮೆರಿಕದಲ್ಲಿ ವೈದ್ಯವೃತ್ತಿಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ವೈದ್ಯಕೀಯ ಮಂಡಳಿ. ತಜ್ಞರೆಂಬ ಮುದ್ರೆ ಒತ್ತುವುದು ಮಾತ್ರ ಖಾಸಗಿ ಸಂಸ್ಥೆಗಳಾದ ಸ್ಪೆಷಾಲಿಟಿ ಬೋರ್ಡುಗಳು. ಪರವಾನಗಿ ಕಡ್ಡಾಯ, ಬೋರ್ಡ್ ಸರ್ಟಿಫಿಕೇಟ್ ಐಚ್ಛಿಕ. ಆದರೆ ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಈ ಸರ್ಟಿಫಿಕೇಟನ್ನೇ ಕೇಳತೊಡಗಿದ ಮೇಲೆ ಐಚ್ಛಿಕವೆಂಬುದು ಹೆಸರಿಗಷ್ಟೇ ಉಳಿಯಿತು. ವೈದ್ಯರ ಅಸಮಾಧಾನಕ್ಕೆ ಮೂಲ ಇದೇ.

ಯಾವ ವೈದ್ಯನಾದರೂ ತನ್ನನ್ನು ತಜ್ಞನೆಂದು ಕರೆದುಕೊಳ್ಳಬಹುದಾಗಿದ್ದ ಕಾಲದಲ್ಲಿ, 1917ರಲ್ಲಿ, ನೇತ್ರವೈದ್ಯರ ಬೋರ್ಡ್ ನೋಂದಣಿಯಾಯಿತು. ಬೇರೆ ಶಾಖೆಗಳು ಅದೇ ದಾರಿ ಹಿಡಿದವು. 1933ರಲ್ಲಿ ಬೋರ್ಡುಗಳ ಒಕ್ಕೂಟವೂ 1936ರಲ್ಲಿ ಇಂಟರ್ನಲ್ ಮೆಡಿಸಿನ್ ಬೋರ್ಡೂ ಹುಟ್ಟಿದವು. ಆಗ ಒಮ್ಮೆ ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಜೀವನಪರ್ಯಂತ.

ಈ ಪದ್ಧತಿಯನ್ನು ಮೊದಲು ಮುರಿದದ್ದು 1969ರಲ್ಲಿ ಸ್ಥಾಪನೆಯಾದ ಫ್ಯಾಮಿಲಿ ಪ್ರಾಕ್ಟೀಸ್ ಬೋರ್ಡ್. ಏಳು ವರ್ಷಕ್ಕೊಮ್ಮೆ ಮರುಪರೀಕ್ಷೆ ಎಂಬುದು ಅದರ ನಿಯಮ. ಇಂಟರ್ನಲ್ ಮೆಡಿಸಿನ್ ಬೋರ್ಡ್ 1974ರಿಂದ ಸ್ವಯಂಪ್ರೇರಿತ ಮರುಪರೀಕ್ಷೆ ನಡೆಸಿ ನೋಡಿತು. ಬರೆಯಲು ಬಂದವರು ಕಡಿಮೆ. 1990ರಿಂದ ತಾನು ಕೊಡುವ ಸರ್ಟಿಫಿಕೇಟಿಗೆ ಹತ್ತು ವರ್ಷದ ಗಡುವು ಹಾಕಿತು. ಅದಕ್ಕೆ ಮೊದಲು ಪಡೆದವರಿಗೆ ಗಡುವಿಲ್ಲ. ಹೀಗೆ ಒಂದೇ ಆಸ್ಪತ್ರೆಯಲ್ಲಿ ಒಂದೇ ಕೆಲಸ ಮಾಡುವವರಲ್ಲಿ ಹಿರಿಯರಿಗೆ ವಿನಾಯಿತಿ, ಕಿರಿಯರಿಗೆ ಪರೀಕ್ಷೆ ಎಂಬ ತಾರತಮ್ಯ ಬೇರೂರಿತು.

2000ದಲ್ಲಿ ಒಕ್ಕೂಟದ 24 ಬೋರ್ಡುಗಳು ನಿರಂತರ ನವೀಕರಣ ಕ್ರಮವನ್ನು ಒಪ್ಪಿಕೊಂಡವು. ಪರವಾನಗಿ, ನಿರಂತರ ಕಲಿಕೆ, ಜ್ಞಾನಪರೀಕ್ಷೆ, ಚಿಕಿತ್ಸಾ ಗುಣಮಟ್ಟದ ಪರಿಶೀಲನೆ ಎಂಬ ನಾಲ್ಕು ಅಂಗಗಳು ಇದಕ್ಕಿದ್ದವು. ಹೆಚ್ಚು ಟೀಕೆಗೆ ಗುರಿಯಾದದ್ದು ಕೊನೆಯದು. ವೈದ್ಯರು ತಮ್ಮದೇ ರೋಗಿಗಳ ದಾಖಲೆಗಳಿಂದ ಮಾಹಿತಿ ಆಯ್ದು, ನಮೂನೆ ತುಂಬಿ ಬೋರ್ಡಿಗೆ ಒಪ್ಪಿಸಬೇಕಿತ್ತು. ಇದು ಕಲಿಕೆಯಲ್ಲ, ಗುಮಾಸ್ತಗಿರಿ ಎಂಬುದು ವಿರೋಧಿಗಳ ವಾದ.

2014ರ ಜನವರಿಯಲ್ಲಿ ಇಂಟರ್ನಲ್ ಮೆಡಿಸಿನ್ ಬೋರ್ಡ್ ನಿಯಮ ಬಿಗಿಗೊಳಿಸಿದಾಗ ಅಸಮಾಧಾನ ಬಹಿರಂಗವಾಗಿ ಸ್ಫೋಟಿಸಿತು. ಐದು ವರ್ಷಕ್ಕೆ 100 ಅಂಕ ಕೂಡಿಸಬೇಕು. ವಿನಾಯಿತಿ ಪಡೆದ ಹಿರಿಯರೂ ಈ ಕ್ರಮಕ್ಕೆ ಸೇರದಿದ್ದರೆ ಅದು ಸಾರ್ವಜನಿಕ ಪಟ್ಟಿಯಲ್ಲಿ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಹೃದ್ರೋಗತಜ್ಞ ಪಾಲ್ ಟೀರ್‌ಸ್ಟೀನ್ ಇದರ ವಿರುದ್ಧ ಆರಂಭಿಸಿದ ಮನವಿಗೆ 19,000ಕ್ಕೂ ಹೆಚ್ಚು ಸಹಿ ಬಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ 'ಜಾಮಾ' ಪತ್ರಿಕೆ ಪ್ರಕಟಿಸಿದ ಒಂದು ಅಧ್ಯಯನ, ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಗಡುವಿರುವ ಮತ್ತು ಗಡುವಿಲ್ಲದ ವೈದ್ಯರ ಚಿಕಿತ್ಸೆಯನ್ನು ಹತ್ತು ಮಾನದಂಡಗಳಲ್ಲಿ ಹೋಲಿಸಿ ವ್ಯತ್ಯಾಸ ಕಾಣಲಿಲ್ಲ. ಜೊತೆಗೇ ಬಂದ ಇನ್ನೊಂದು ಅಧ್ಯಯನ ಚಿಕಿತ್ಸಾ ವೆಚ್ಚದ ಏರಿಕೆಯಲ್ಲಿ ಅಲ್ಪ ಇಳಿಕೆ ಗುರುತಿಸಿತು. 2015ರ ಅಂದಾಜಿನ ಪ್ರಕಾರ ನವೀಕರಣಕ್ಕಾಗಿ ಹತ್ತು ವರ್ಷಗಳಲ್ಲಿ ಒಬ್ಬ ವೈದ್ಯನಿಗೆ ತಗಲುವ ವೆಚ್ಚ ಸರಾಸರಿ 23,607 ಡಾಲರ್. ಇದರ ಬಹುಪಾಲು ಶುಲ್ಕವಲ್ಲ, ವ್ಯಯವಾಗುವ ಸಮಯದ ಬೆಲೆ.

2015ರ ಫೆಬ್ರವರಿಯಲ್ಲಿ ಇಂಟರ್ನಲ್ ಮೆಡಿಸಿನ್ ಬೋರ್ಡಿನ ಅಧ್ಯಕ್ಷ ರಿಚರ್ಡ್ ಬ್ಯಾರನ್ ತಪ್ಪಾಯಿತೆಂದು ಬಹಿರಂಗವಾಗಿ ಕ್ಷಮೆ ಕೋರಿದರು. ಗುಣಮಟ್ಟ ಪರಿಶೀಲನೆಯ ಷರತ್ತನ್ನು ಅಮಾನತಿನಲ್ಲಿಡಲಾಯಿತು. ಅಷ್ಟರಲ್ಲೇ ಟೀರ್‌ಸ್ಟೀನ್ ಮತ್ತು ಸಂಗಡಿಗರು ಪರ್ಯಾಯ ಬೋರ್ಡೊಂದನ್ನು ಕಟ್ಟಿದ್ದರು. ಒಮ್ಮೆ ಮೂಲ ಪರೀಕ್ಷೆ ಪಾಸಾದವರು ನಿರಂತರ ಶಿಕ್ಷಣದ ಗಂಟೆಗಳನ್ನು ಪೂರೈಸಿದರೆ ಅಲ್ಲಿ ಸಾಕಿತ್ತು. 2016ರಲ್ಲಿ ಓಕ್ಲಹೋಮ ರಾಜ್ಯ ಕಡ್ಡಾಯ ನವೀಕರಣದ ವಿರುದ್ಧ ಕಾಯಿದೆ ಮಾಡಿತು. ನ್ಯಾಯಾಲಯ ಮಾತ್ರ ವೈದ್ಯರ ಕೈಹಿಡಿಯಲಿಲ್ಲ. ಮೊದಲ ಸರ್ಟಿಫಿಕೇಟಿಗೆ ನವೀಕರಣವನ್ನು ಗಂಟುಹಾಕಿರುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು 2018ರಲ್ಲಿ ಹೂಡಿದ ದಾವೆಯಲ್ಲಿ, ಎರಡೂ ಬೇರೆಬೇರೆ ಸರಕುಗಳಲ್ಲವೆಂದು ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು.

ಪರೀಕ್ಷೆಯ ಸ್ವರೂಪವಂತೂ ಬದಲಾಯಿತು. ಅರಿವಳಿಕೆ ತಜ್ಞರ ಬೋರ್ಡ್ 2014ರಲ್ಲಿ ನಿಮಿಷಕ್ಕೊಂದು ಪ್ರಶ್ನೆಯ ಆನ್‌ಲೈನ್ ಪದ್ಧತಿಯನ್ನು ಪ್ರಯೋಗಕ್ಕೆ ತಂದಿತು. ಇಂಟರ್ನಲ್ ಮೆಡಿಸಿನ್ ಬೋರ್ಡ್ 2022ರಿಂದ ಮೂರು ತಿಂಗಳಿಗೆ 30 ಪ್ರಶ್ನೆ ಕೊಡುತ್ತಿದೆ. ಪ್ರತಿ ಪ್ರಶ್ನೆಗೆ ನಾಲ್ಕು ನಿಮಿಷ. ಪುಸ್ತಕ ತೆರೆದು ನೋಡಬಹುದು. ಆದರೂ 2023ರಲ್ಲಿ ರಕ್ತರೋಗತಜ್ಞ ಆರನ್ ಗುಡ್‌ಮನ್ ನವೀಕರಣದ ವಿರುದ್ಧ ಆರಂಭಿಸಿದ ಮನವಿಗೆ 20,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಹತ್ತು ವರ್ಷಗಳ ಸುಧಾರಣೆ ಪರೀಕ್ಷೆಯನ್ನು ಹಗುರಗೊಳಿಸಿತೇ ಹೊರತು ಶುಲ್ಕವನ್ನಾಗಲಿ, ಸರ್ಟಿಫಿಕೇಟ್ ಇಲ್ಲದೆ ನೌಕರಿಯಿಲ್ಲ ಎಂಬ ಒತ್ತಡವನ್ನಾಗಲಿ ತೆಗೆದುಹಾಕಲಿಲ್ಲ.