ಸ್ನಾನಚೂರ್ಣ

ಧಾನ್ಯದ ಹಿಟ್ಟು, ಬೇರು, ಎಲೆ, ಕಾಯಿ ಹಾಗೂ ಗಂಧದ್ರವ್ಯಗಳನ್ನು ಒಣಗಿಸಿ ಕುಟ್ಟಿ, ಮೈಗೆ ಹಚ್ಚಿದ ಎಣ್ಣೆಯ ಜಿಡ್ಡು ತೆಗೆಯಲೆಂದೂ ಚರ್ಮ ನಯವಾಗಲೆಂದೂ ಮನೆಯಲ್ಲೇ ಸಿದ್ಧಪಡಿಸಿಕೊಳ್ಳುವ ಪುಡಿ. ಇದರಿಂದ ಮೈ ಉಜ್ಜುವುದಕ್ಕೆ ಆಯುರ್ವೇದದಲ್ಲಿ ಉದ್ವರ್ತನವೆಂದೂ ಅದಕ್ಕೆ ಮೊದಲು ಎಣ್ಣೆ ನೀವುವುದಕ್ಕೆ ಅಭ್ಯಂಗವೆಂದೂ ಹೆಸರು. ಪಾರ್ವತಿ ಮೈ ಉಜ್ಜಿ ತೆಗೆದ ಮಣ್ಣಿನಿಂದ ಗಣಪತಿಯನ್ನು ಮಾಡಿದಳೆಂಬ ಪುರಾಣಕಥೆ ಮನೆಮನೆಗೂ ಪರಿಚಿತವಾಗಿರುವುದರಿಂದ, ಈ ರೂಢಿ ಎಷ್ಟು ಸಾಮಾನ್ಯವಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಹುಡುಕಬೇಕಾಗಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನವು ಮೂಲಿಕೆಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ ಹತ್ತು ಹತ್ತರ 50 ಗುಂಪುಗಳಾಗಿ ವಿಂಗಡಿಸುವಾಗ, ಮೈಬಣ್ಣವನ್ನು ತಿಳಿಗೊಳಿಸುವ ‘ವರ್ಣ್ಯ’ ಗುಂಪಿನಲ್ಲಿ ಚಂದನ, ಲಾವಂಚ, ಮಂಜಿಷ್ಠ, ಅತಿಮಧುರ ಮೊದಲಾದವನ್ನು ಸೇರಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ದಿನಚರಿಯನ್ನು ವಿವರಿಸುತ್ತ, ಉದ್ವರ್ತನದಿಂದ ಕಫ ತಗ್ಗಿ, ಮೇದಸ್ಸು ಕರಗಿ, ಅಂಗಾಂಗಗಳು ಗಟ್ಟಿಯಾಗಿ ಚರ್ಮ ತಿಳಿಯಾಗುವುದೆಂದು ಹೇಳುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಅಧ್ಯಾಯದಲ್ಲಿ, ಅಂದರೆ ಸುಗಂಧಗಳನ್ನು ಬೆರೆಸುವ ವಿದ್ಯೆಯ ಭಾಗದಲ್ಲಿ, 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದು ಪ್ರಮಾಣ ಬದಲಿಸುತ್ತ ಹೋದರೆ 1,74,720 ಗಂಧಗಳಾಗುತ್ತವೆ ಎಂದು ಲೆಕ್ಕ ಹಾಕಿದ್ದಾನೆ. ಇದು ಸುಗಂಧ ಬೆರೆಸುವವರಿಗಿಂತ ಗಣಿತದ ಇತಿಹಾಸಕಾರರಿಗೇ ಹೆಚ್ಚು ಪ್ರಿಯವಾದ ಭಾಗ.

ಕನ್ನಡದಲ್ಲಿ ಈ ವಿಷಯ ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ಗ್ರಂಥಸ್ಥವಾಯಿತು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವಾಸ್ತು, ವೃಕ್ಷಾಯುರ್ವೇದ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಎಡೆ ಕೊಟ್ಟಿದೆ. ಅದಾದ ನೂರು ವರ್ಷಗಳ ಬಳಿಕ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ಸ್ನಾನವನ್ನೂ ವಿಲೇಪನವನ್ನೂ, ಎಂದರೆ ಮೈಗೆ ಗಂಧ ಪೂಸಿಕೊಳ್ಳುವುದನ್ನೂ, ಅರಸನ ಇಪ್ಪತ್ತು ಉಪಭೋಗಗಳ ಸಾಲಿನಲ್ಲಿಟ್ಟು ವರ್ಣಿಸುತ್ತದೆ. ಇವೆಲ್ಲ ಓದುಬಲ್ಲವರ ಮತ್ತು ಉಳ್ಳವರ ದಾಖಲೆಗಳು. ಬೀಸುಕಲ್ಲು ಒರಳುಗಳ ಮುಂದೆ ಕುಳಿತು ಪುಡಿ ಮಾಡಿದ ಹೆಂಗಸರು ಕಸ್ತೂರಿ ಕರ್ಪೂರಗಳನ್ನು ಕಂಡಿದ್ದೇ ಅಪರೂಪ.

ಮನೆಯ ಪುಡಿ ಕೈಗೆಟಕುವ ವಸ್ತುಗಳಿಂದಲೇ ಆಗುತ್ತಿತ್ತು. ಕಡಲೆಹಿಟ್ಟು ಇಲ್ಲವೆ ಹೆಸರುಹಿಟ್ಟು ಅದರ ಮೈ; ಅರಿಶಿನ, ಕಚೋರ, ಲಾವಂಚ, ಒಣಗಿಸಿದ ಗುಲಾಬಿ ಎಸಳು, ಕಿತ್ತಳೆ ಸಿಪ್ಪೆಗಳು ಅನುಕೂಲವಿದ್ದಂತೆ ಸೇರುತ್ತಿದ್ದವು. ಜಿಡ್ಡು ಹೆಚ್ಚಿದ್ದರೆ ಸೀಗೆಪುಡಿ, ಅಂಟುವಾಳ ಅಥವಾ ಚಿಗರೆಪುಡಿಯನ್ನು ಬಳಸುತ್ತಿದ್ದರು. ಸೀಗೆ ಮತ್ತು ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ನೊರೆಗಟ್ಟುವ ಸಂಯುಕ್ತ ಎಣ್ಣೆಯನ್ನು ನೀರಿನೊಡನೆ ಬೆರೆಯುವಂತೆ ಮಾಡಿದರೆ, ಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಎರಡರಲ್ಲೂ ಸಾಬೂನಿನ ಕ್ಷಾರಗುಣವಿಲ್ಲ. ಈ ಪದ್ಧತಿಯ ನಿಜವಾದ ಜಾಣತನವಿರುವುದು ಮೂಲಿಕೆಗಳ ಆಯ್ಕೆಗಿಂತ ಹೆಚ್ಚಾಗಿ ಪುಡಿಯನ್ನು ಒಣದಾಗಿಯೇ ಇಡುವುದರಲ್ಲಿ. ತೇವವಿಲ್ಲದ ಪುಡಿಯಲ್ಲಿ ಬೂಷ್ಟು ಹಾಗೂ ಸೂಕ್ಷ್ಮಜೀವಿಗಳು ಬೆಳೆಯಲಾರವಾದ್ದರಿಂದ ಅದು ತಿಂಗಳುಗಟ್ಟಲೆ ಉಳಿಯುತ್ತಿತ್ತು; ಹಾಲು, ಮೊಸರು ಅಥವಾ ನೀರನ್ನು ಆಯಾ ದಿನದ ಸ್ನಾನಕ್ಕೆ ಬೇಕಾದಷ್ಟಕ್ಕೆ ಮಾತ್ರ ಕಲಸುತ್ತಿದ್ದರು. ಶ್ರೀಗಂಧವನ್ನೂ ಕೊರಡಾಗಿಯೇ ಇಟ್ಟುಕೊಂಡು ಬೇಕಾದಾಗ ಸಾಣೆಕಲ್ಲಿನ ಮೇಲೆ ತೇಯುತ್ತಿದ್ದುದು ಇದೇ ಕ್ರಮ.

ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂತು. ಸಾಬೂನು ನಿತ್ಯದ ವಸ್ತುವಾಗುತ್ತ ಬಂದಂತೆ ಪುಡಿ ನರಕ ಚತುರ್ದಶಿಯ ಎಣ್ಣೆಸ್ನಾನ, ಮದುವೆಯ ಅರಿಶಿನ ಶಾಸ್ತ್ರ, ಬಾಣಂತನ ಮತ್ತು ಹಸುಗೂಸಿನ ಸ್ನಾನಗಳಿಗೆ ಸರಿಯಿತು.

ಮನೆಮದ್ದಿನ ತಿಳಿವಳಿಕೆ ಕಾನೂನಿನ ಕಟಕಟೆ ಏರಿದ್ದೂ ಉಂಟು. ಈ ಪುಡಿಗೆ ಸೇರುವ ಅರಿಶಿನದಿಂದಲೇ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳ ಆಧಾರ ಒದಗಿಸಿ ಆಕ್ಷೇಪಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು.

ಈಚಿನ ದಶಕಗಳಲ್ಲಿ ಮನೆತಯಾರಿಕೆಗೆ ಮತ್ತೆ ಒಲವು ಬಂದಿದ್ದರೂ ಅದು ಹೆಚ್ಚಾಗಿ ನೀರಿನಂಶವುಳ್ಳ ಕ್ರೀಮು, ಜೆಲ್‌ಗಳತ್ತ ವಾಲಿದೆ. ಸಂರಕ್ಷಕ ಬೆರೆಸದ ಇವು ಬೇಗ ಕೆಡುತ್ತವೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಸ್ವಂತ ಬಳಕೆಗೆ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಮಾರಾಟಕ್ಕಾಗಿ ತಯಾರಿಸುವವರಿಗೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ ಹಾಗೂ 2020ರ ಪ್ರಸಾಧನ ಸಾಮಗ್ರಿಗಳ ನಿಯಮಾವಳಿಯ ಪ್ರಕಾರ ಪರವಾನಗಿ ಬೇಕು.