ಚಳಿಗೆ ಬೈಕ್ ಬ್ಯಾಟರಿ ಸಾಯುತ್ತದೆಯೇ? ಸಿಮೆಂಟ್ ನೆಲ ಚಾರ್ಜ್ ಎಳೆದುಕೊಳ್ಳುತ್ತದೆಯೇ?

ಚಳಿಗಾಲ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಸುತ್ತತೊಡಗುತ್ತವೆ: ಚಳಿಗೆ ಬೈಕ್ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ, ಬಿಚ್ಚಿ ಒಳಗಿಡಿ. ಸಿಮೆಂಟ್ ನೆಲದ ಮೇಲೆ ಇಡಬೇಡಿ, ಚಾರ್ಜ್ ಹೋಗುತ್ತದೆ. ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ. ಈ ಮೂರರಲ್ಲಿ ಒಂದೂ ನಮ್ಮ ಕಡೆಗೆ ಸರಿಯಾಗಿ ಹೊಂದುವುದಿಲ್ಲ. ಆದರೆ ನಿಲ್ಲಿಸಿಟ್ಟ ಬೈಕಿನ ಬ್ಯಾಟರಿ ಕೆಡುವುದು ಮಾತ್ರ ನಿಜ.

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರನ್ನೇ ತೆಗೆದುಕೊಳ್ಳಿ. ದುಡಿಯಲು ಬೆಂಗಳೂರು, ಗೋವಾ ಕಡೆ ಹೋದವರ ಬೈಕ್ ತಿಂಗಳುಗಟ್ಟಲೆ ಪಡಸಾಲೆಯಲ್ಲೋ ತಗಡಿನ ಶೆಡ್ಡಿನಲ್ಲೋ ನಿಂತಿರುತ್ತದೆ. ಸಂಕ್ರಾಂತಿಗೆ ಬಂದು ಬಟನ್ ಒತ್ತಿದರೆ ಟಕ್ ಟಕ್ ಸದ್ದು ಬಿಟ್ಟು ಬೇರೇನೂ ಇಲ್ಲ. ‘ಚಳಿಗೆ ಹೋತು ನೋಡ್ರಿ’ ಅಂತ ತೀರ್ಮಾನವಾಗುತ್ತದೆ.

ಪಾಪ, ಚಳಿಯದು ಅಷ್ಟು ತಪ್ಪಿಲ್ಲ. ಪೂರ್ತಿ ಚಾರ್ಜ್ ಇರುವ ಸೀಸ-ಆಸಿಡ್ ಬ್ಯಾಟರಿಯ ದ್ರಾವಣ ಹೆಪ್ಪುಗಟ್ಟಲು ಮೈನಸ್ 50 ಡಿಗ್ರಿಗಿಂತಲೂ ಕೆಳಗಿನ ಚಳಿ ಬೇಕು. ಪೂರ್ತಿ ಖಾಲಿಯಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಬಹುದು. ಲಡಾಖಿನಲ್ಲಿ, ಕೆನಡಾದಲ್ಲಿ ಇರುವ ಕನ್ನಡಿಗರಿಗೆ ‘ಬಿಚ್ಚಿ ಒಳಗಿಡಿ’ ಎಂಬುದು ಒಳ್ಳೆಯ ಸಲಹೆಯೇ. ಶಿಗ್ಗಾವಿಯಲ್ಲಿ ಎಂಥ ಚಳಿ ಬಿದ್ದರೂ ಸೊನ್ನೆಯ ಹತ್ತಿರವೂ ಹೋಗುವುದಿಲ್ಲ.

ಹಾಗಾದರೆ ಆಗುವುದೇನು? ಬ್ಯಾಟರಿ ಸುಮ್ಮನೆ ಕೂತರೂ ತಾನೇ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಇದು ಜೋರು. ಸುಮಾರು 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೇಲಿಂದ ಗಡಿಯಾರ, ಅಲಾರಂ, ಜಿಪಿಎಸ್ ಇದ್ದರೆ ಕೀ ತೆಗೆದ ಮೇಲೂ ಅವು ಕರೆಂಟ್ ಕುಡಿಯುತ್ತಲೇ ಇರುತ್ತವೆ. ಖಾಲಿಯಾದಂತೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ, ಆಮೇಲೆ ಚಾರ್ಜ್ ಹಿಡಿಯುವುದೇ ಇಲ್ಲ. ಅಂದರೆ ಏಪ್ರಿಲ್, ಮೇ ಬಿಸಿಲಲ್ಲಿ ತಗಡಿನ ಶೆಡ್ಡಿನಡಿ ಸವೆದ ಬ್ಯಾಟರಿಯ ಬಣ್ಣ ಡಿಸೆಂಬರ್ ಬೆಳಿಗ್ಗೆ ಬಯಲಾಗುತ್ತದೆ. ತಂಪಿಗೆ ಎಂಜಿನ್ ಆಯಿಲ್ ದಪ್ಪಗಾಗಿರುತ್ತದೆ, ಬ್ಯಾಟರಿಯ ಬಲವೂ ತುಸು ಇಳಿದಿರುತ್ತದೆ, ಅಷ್ಟೇ.

ಸಿಮೆಂಟ್ ನೆಲದ ಮಾತು ಹಳೇ ಕಾಲದ್ದು. ಆಗ ಬ್ಯಾಟರಿ ಪೆಟ್ಟಿಗೆಗಳು ಕಟ್ಟಿಗೆ, ಗಟ್ಟಿ ರಬ್ಬರಿನವು. ಆಸಿಡ್ ಜಿನುಗಿ ತೇವದ ನೆಲದ ಮೂಲಕ ಕರೆಂಟ್ ಸೋರುವ ಸಾಧ್ಯತೆ ಇತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಆ ಭಯವಿಲ್ಲ. ನೆಲಕ್ಕಿಂತ ಮಕ್ಕಳ ಕೈಗೆ ಸಿಗದ ಜಾಗ ನೋಡಿ ಇಡಿ.

ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡುವುದೂ ಲಾಭವಿಲ್ಲದ ವ್ಯಾಪಾರ. ಸೆಲ್ಫ್ ಹೊಡೆದಾಗ ಖರ್ಚಾದದ್ದು ನಿಂತಲ್ಲೇ ಓಡುವ ಎಂಜಿನ್ನಿನಿಂದ ಪೂರ್ತಿ ವಾಪಸ್ ಬರುವುದು ಅನುಮಾನ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡಿದಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದಲ್ಲ, ಅದಕ್ಕೂ ಪಾಲು ಬೇಕು. ಸೈಲೆನ್ಸರಿನಲ್ಲಿ ನೀರಿನ ಪಸೆ ಉಳಿಯುವುದು ಬೇರೆ. ಮನೆಯಲ್ಲಿ ಓಡಿಸುವವರಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲಿ.

‘ಕಿಕ್ ಐತಲ್ಲ’ ಎಂಬ ಧೈರ್ಯವೂ ಹೊಸ ಗಾಡಿಗಳಲ್ಲಿ ನಡೆಯುವುದಿಲ್ಲ. 2020ರ ಬಿಎಸ್-6 ನಿಯಮದ ನಂತರ ಹೆಚ್ಚಿನ ಬೈಕುಗಳಿಗೆ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪೇ ಏಳದಿರಬಹುದು. ರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದಾಗ ಇದು ಗೊತ್ತಾಗಬಾರದು.

ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಹೋಗುವ ಮುನ್ನ ಪೂರ್ತಿ ಚಾರ್ಜ್ ಮಾಡಿಸಿ, ಬ್ಯಾಟರಿಯ ವೈರ್ ಬಿಚ್ಚಿಡಿ. ಮೊದಲು ಕಪ್ಪು, ಅಂದರೆ ಮೈನಸ್, ಆಮೇಲೆ ಕೆಂಪು. ಉಲ್ಟಾ ಮಾಡಿ ಕೆಂಪಿನ ಮೇಲಿದ್ದ ಸ್ಪ್ಯಾನರ್ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ. ಜೋಡಿಸುವಾಗ ಕೆಂಪು ಮೊದಲು. ನಂತರ ಒಂದೆರಡು ತಿಂಗಳಿಗೊಮ್ಮೆ ಮನೆಯವರು ಯಾರಾದರೂ ಚಾರ್ಜ್ ಮಾಡಿಸಲಿ. ಮೀಟರಿನಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಚೆನ್ನಾಗಿದೆ, 12.4ಕ್ಕಿಂತ ಇಳಿದರೆ ಚಾರ್ಜ್ ಬೇಕು; 12ಕ್ಕಿಂತ ಕೆಳಗೆ ತುಂಬ ದಿನ ಬಿಟ್ಟರೆ ಆಸೆ ಬಿಡಬೇಕಾದೀತು. ಚಾರ್ಜರ್ ನಿಧಾನದ್ದಿರಲಿ: 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರ್ ಇದನ್ನು ಕುದಿಸಿಬಿಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಾಡುವ ಜಾಗವಿರಲಿ, ಬೀಡಿ, ಒಲೆ ಹತ್ತಿರ ಬೇಡ.

ಮುಚ್ಚಳ ಇರುವ ಹಳೇ ನಮೂನೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ನಡೆಯುವುದಿಲ್ಲ, ಅದರಲ್ಲೂ ಲವಣ ಉಳಿದಿರುತ್ತದೆ. ಸೀಲ್ ಆದ ಬ್ಯಾಟರಿಯನ್ನು ತೆರೆಯಲೇಬೇಡಿ. ಆಸಿಡ್ ಕಣ್ಣಿಗೆ ಸಿಡಿದರೆ ಕಾಲು ಗಂಟೆಯಾದರೂ ನೀರು ಹಾಕಿ ತೊಳೆದು, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಅದರ ಸೀಸಕ್ಕೆ ಬೆಲೆಯಿದೆ. ಹಿತ್ತಲಲ್ಲಿ ಆಸಿಡ್ ಸುರಿದು ಸೀಸ ಕರಗಿಸುವ ಕೆಲಸ ಬೇಡ. ಆ ಹೊಗೆ, ಆ ಧೂಳು ಮೊದಲು ಸೇರುವುದು ಅಲ್ಲೇ ಆಡುವ ಮಕ್ಕಳ ಮೈಗೆ.